‘ನೀನೇನ್ ಒತ್ತಿದ್ಯವ್ವ?’

ಮಿಕ್ಸಿ ಕೆಟ್ರೆ ನಮ್ಮನೇಲಿ ಮೊದ್ಲು ಬರೋ ಮಾತು, "ಅದ್ರೊಳಗೆ ಏನ್ ಹಾಕ್ದೆ?" ಗ್ಯಾಸು ಬೇಗ ಮುಗುದ್ರೆ, "ಅದೇನ್ ಅಷ್ಟೊತ್ತು ಉರಿಸ್ತೀಯ?" ಅದೇ ತೋಟದ ಪಂಪ್‌ಸೆಟ್ ಮೋಟ್ರು ಸುಟ್ಟೋಯ್ತು ಅನ್ನಿ, ಯಾರೂ ನಮ್ಮನೆಯೋರನ್ನ "ನೀವೇನ್ ಮಾಡಿದ್ರಿ" ಅಂತ ಕೇಳಲ್ಲ. ಅವತ್ತು ವೋಲ್ಟೇಜ್ ಸರಿ ಇರ್ಲಿಲ್ಲ, ಅಷ್ಟೇ. ಗಂಡಸ್ರ ಕೈಲಿರೋ ಸಾಮಾನು ತಾನಾಗೇ ಕೆಡ್ತದೆ, ಹೆಂಗಸ್ರ ಕೈಲಿರೋದನ್ನ ನಾವೇ ಕೆಡಿಸ್ತೀವಿ. ಈ ನ್ಯಾಯ ನಂಗೆ ಮೂವತ್ತು ವರ್ಷದಿಂದ ಗೊತ್ತು. ಆದ್ರೂ ಹೋದ ದೀಪಾವಳಿ ಕಳೆದ ವಾರ ನನ್ನ ಬಾಯಲ್ಲೇ ಆ ಮಾತು ಬಂತು. ಸೊಸೆ ಜಗಲೀಲಿ ಲ್ಯಾಪ್‌ಟಾಪ್ ಮುಂದೆ ಕೂತ್ಕೊಂಡು "ಹಲೋ, ಕೇಳಿಸ್ತಿದ್ಯಾ, ಹಲೋ" ಅಂತಿದ್ಲು. ನಾನು ಒಳಗಿಂದ ಬಂದು, "ನೀನೇನ್ ಒತ್ತಿದ್ಯವ್ವ?" ಅಂದೆ. ಅವಳು ಮಾತಾಡ್ಲಿಲ್ಲ. ಕಣ್ಣಲ್ಲಿ ನೀರು ಬಂತು.

ನಡೆದಿದ್ದು ಇಷ್ಟು. ಅವಳು ಬೆಂಗಳೂರಿನ ಒಂದು ಆಫೀಸಿಗೆ ಮನೆಯಿಂದ್ಲೇ ಲೆಕ್ಕ ಬರ್ಕೊಡ್ತಾಳೆ. ಲ್ಯಾಪ್‌ಟಾಪು ನಮ್ದೇ, 2020ರಲ್ಲಿ ಲಾಕ್‌ಡೌನ್ ಹೊತ್ನಲ್ಲಿ ಮಗ ತಂದಿದ್ದು. ಅದ್ರೊಳಗೆ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯವ್ರು ಬೆಂಬಲ ನಿಲ್ಲಿಸಿದ್ರು. ಅಂದ್ರೆ ಮೆಷಿನ್ ಏನೂ ನಿಲ್ಲಲ್ಲ, ಆದ್ರೆ ಕಳ್ಳಕಾಕರು ನುಗ್ಗದ ಹಂಗೆ ಕೊಡ್ತಿದ್ದ ರಿಪೇರಿ ಇನ್ನು ಸುಮ್ಸುಮ್ನೆ ಬರಲ್ಲ. ಅವಳ ಆಫೀಸಿಂದ ಮೇಲ್ ಬಂತು, ಎಲ್ರೂ ವಿಂಡೋಸ್ 11ಕ್ಕೆ ಹೋಗ್ಲೇಬೇಕು ಅಂತ. ಇವಳು ಹೋದ್ಲು. ಒತ್ತು ಅಂತ ಹೇಳಿದ್ದು ಆಫೀಸು, ಒತ್ತಿದ್ದು ಇವಳು, ಬೈಸ್ಕೊಂಡಿದ್ದೂ ಇವಳೇ.

ಅಪ್‌ಗ್ರೇಡ್ ಆದ ಮಾರನೇ ದಿನದಿಂದ ವೈಫೈ ಹತ್ತು ನಿಮಿಷ ಇರೋದು, ಕಡಿಯೋದು, ಮತ್ತೆ ತಾನಾಗೇ ಬರೋದು. ಮೀಟಿಂಗಲ್ಲಿ ಅರ್ಧ ಮಾತು ಆಡ್ತಿರುವಾಗ್ಲೇ ಮಾಯ. ನಾಲ್ಕು ದಿನ ಹಂಗೇ ಆಯ್ತು. ಅವಳ ಮೇಲಿನವ್ರು, "ಊರಲ್ಲಿ ನೆಟ್ ಸರಿ ಇಲ್ದಿದ್ರೆ ಬರೋ ತಿಂಗಳಿಂದ ಬೆಂಗಳೂರಿಗೆ ಬಂದು ಕೂತ್ಕೊಳಿ" ಅಂದ್ರು. ಮೊಮ್ಮಗೂಗೆ ಮೂರು ವರ್ಷ. ಅವಳು ಪಿಜೀಲಿ, ಮಗು ನನ್ನ ಹತ್ರ, ಮಗ ತೋಟದಲ್ಲಿ. ಇಷ್ಟಕ್ಕೆಲ್ಲ ಮೂಲ ಪರದೆ ಮೂಲೇಲಿರೋ ಒಂದು ಸಣ್ಣ ಬೀಸಣಿಗೆ ಗುರುತು!

ಈಗ ನನ್ನ ಜಗಳ ಕೇಳಿ. ಮೊದಲನೇ ಜಗಳ ನಮ್ಮನೆಯೋರ ಜೊತೆ. "ಲೈನ್ ಹೋಗಿರ್ತದೆ, ಇಲ್ಲಾಂದ್ರೆ ಇವಳು ಏನೋ ಮಾಡಿರ್ತಾಳೆ" ಅಂತ ಎರಡೇ ಮಾತಲ್ಲಿ ಮುಗಿಸಿದ್ರು. ನಮ್ಮ ಕಡೆ ಲೈನ್ ಮೇಲೆ ಅನುಮಾನ ಪಡೋದು ತಪ್ಪಲ್ಲ. ವೈರು ಸಿಲ್ವರ್ ಮರದಿಂದ ಮರಕ್ಕೆ ಬಂದಿರ್ತದೆ, ಮಳೆಗಾಲದಲ್ಲಿ ಕೊಂಬೆ ಬೀಳ್ತದೆ, ಆನೆ ಬಂದ್ರೆ ಕಂಬಾನೇ ಇರಲ್ಲ. ಆದ್ರೆ ಅದೇ ಹೊತ್ತಲ್ಲಿ, ಅದೇ ಜಗಲೀಲಿ, ಅದೇ ವೈಫೈಯಲ್ಲಿ ನನ್ನ ಫೋನಲ್ಲಿ ಧಾರಾವಾಹಿ ಒಂದ್ ಚೂರೂ ನಿಲ್ದೆ ಓಡ್ತಿತ್ತು. ಲೈನ್ ಕೆಟ್ಟಿದ್ರೆ ನಂಗೂ ನಿಲ್ಬೇಕಲ್ವಾ? ಇದನ್ನ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಲೈನಿನ ಹುಡುಗನ್ನ ಕರೆಸಿದ್ರು. ಅವನು ಬರೋಕೆ ಐದು ದಿನ. ಬಂದು ನೋಡಿ, "ಅಕ್ಕ, ಲೈನ್ ಚೆನ್ನಾಗೈತೆ" ಅಂತ ಕಾಫಿ ಕುಡ್ದು ಹೋದ.

ಎರಡನೇ ಜಗಳ ಪೇಟೆಯ ರಿಪೇರಿ ಅಂಗಡಿಯವನ ಜೊತೆ. ಹೆಸರು ಬೇಡ, ಅಂಥೋರು ಎಲ್ಲಾ ಪೇಟೇಲೂ ಸಿಗ್ತಾರೆ. ಎರಡು ದಿನ ಇಟ್ಕೊಂಡ. "ಇಲ್ಲಿ ಒಂದ್ಸಲಾನೂ ಕಟ್ ಆಗ್ಲಿಲ್ಲ, ಆದ್ರೂ ಮೆಷಿನ್ ಹಳೇದಾಯ್ತು, ಬೋರ್ಡೇ ಹೋಗ್ತಾ ಇರ್ಬೇಕು, ಹೊಸದು ತಗೊಳಿ" ಅಂದ. ಕಟ್ ಆಗದೇ ಇರೋದಕ್ಕೆ ಬೋರ್ಡ್ ಹೋಗಿದೆ ಅನ್ನೋ ವೈದ್ಯ ಇವನು. ನಮ್ಮ ಹುಡುಗಿ ಏನೋ ಕೇಳೋಕೆ ಹೋದ್ರೆ, ನನ್ನ ಮಗನ ಮುಖ ನೋಡ್ಕೊಂಡು ಉತ್ತರ ಕೊಟ್ಟ. ಕೆಲಸ ಮಾಡೋಳು ಅವಳು, ತೊಂದರೆ ಕಂಡೋಳು ಅವಳು, ಉತ್ತರ ಮಾತ್ರ ಗಂಡಂಗೆ.

ಇಷ್ಟರಲ್ಲಿ ಏನಾಯ್ತು ಗೊತ್ತಾ? ವಿಂಡೋಸ್ 11ಕ್ಕೆ ಹೋದೋರು ಹತ್ತು ದಿನದೊಳಗೆ ಬೇಡ ಅಂದ್ರೆ ಹಳೇದಕ್ಕೆ ವಾಪಸ್ ಬರಬಹುದು. ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅದ್ರೊಳಗೆ ರಿಕವರಿ, ಅಲ್ಲಿ ಗೋ ಬ್ಯಾಕ್ ಅಂತ ಇರ್ತದೆ, ಫೈಲೆಲ್ಲ ಇದ್ದ ಹಂಗೇ ಇರ್ತವೆ. ಹತ್ತು ದಿನ ಆದ್ಮೇಲೆ ಆ ಬಾಗಿಲು ಮುಚ್ಚೋಯ್ತದೆ. ನಾವು ನಾಲ್ಕು ದಿನ ಅವಳನ್ನ ಬೈದ್ವಿ, ಐದು ದಿನ ಲೈನಿನವನ್ನ ಕಾದ್ವಿ, ಎರಡು ದಿನ ಅಂಗಡೀಲಿ ಇಟ್ವಿ. ಲೆಕ್ಕ ಹಾಕ್ಕೊಳಿ. ‘ಯಾರು ಒತ್ತಿದ್ದು’ ಅಂತ ಹುಡುಕ್ತಾ ಕೂತ್ರೆ ಮನಸ್ಸು ನೋಯೋದಷ್ಟೇ ಅಲ್ಲ, ಇದ್ದ ದಾರೀನೂ ಹೋಯ್ತದೆ.

ಕೊನೆಗೆ ಕಂಡುಹಿಡಿದಿದ್ದು ಯಾರು ಅಂದ್ರೆ, ನಗ್ಬೇಡಿ, ಅರ್ಧ ನಾನೇ. ಕಂಪ್ಯೂಟ್ರು ನಂಗೇನೂ ಬರಲ್ಲ. ಆದ್ರೆ ಮನೆ ಸದ್ದು ನಂಗೆ ಗೊತ್ತು. ಅವಳು ಜಗಲೀಲಿ ಕೂತಾಗ "ಹಲೋ ಹಲೋ" ಜಾಸ್ತಿ, ನಡುಮನೇಲಿ ಕೂತಾಗ ಕಮ್ಮಿ. ಜಗಲಿ ರೂಟರಿಗೆ ಹತ್ರ, ನಡುಮನೆ ದೂರ, ಮಧ್ಯೆ ಮಣ್ಣಿನ ದಪ್ಪ ಗೋಡೆ. ಹತ್ರ ಇದ್ರೆ ಚೆನ್ನಾಗಿರ್ಬೇಕಿತ್ತು, ಇದು ಉಲ್ಟಾ. ರೊಟ್ಟಿ ತಟ್ಟುತ್ತಾ ಯೋಚನೆ ಮಾಡ್ದೆ. ಜಗಲೀಲಿ ಪ್ಲಗ್ ಇಲ್ಲ! ಅಲ್ಲಿ ಅವಳು ಬ್ಯಾಟ್ರಿ ಮೇಲೆ ಕೆಲಸ ಮಾಡ್ತಾಳೆ, ನಡುಮನೇಲಿ ಚಾರ್ಜರ್ ಸಿಗಿಸ್ಕೊಂಡು. ಅಂಗಡಿಯವ್ನೂ ಚಾರ್ಜರ್ ಹಾಕೇ ಇಟ್ಟಿದ್ದ. ಹೇಳಿದ ತಕ್ಷಣ ಸೊಸೆ ಎದ್ದು ಕೂತ್ಲು, "ಅತ್ತೆ, ಪವರ್ ಸೇವಿಂಗು!"

ನಮ್ಮನೆಯೋರಿಗೆ ಒಂದು ಅಭ್ಯಾಸ ಇದೆ, ನಾವು ರೂಮಿಂದ ಈಚೆಗೆ ಕಾಲಿಡೋದ್ರೊಳಗೆ ಹಿಂದಿಂದ ಲೈಟ್ ಆರಿಸ್ತಾರೆ. ಕೆಲವು ಸಲ ಒಳಗೆ ಇದ್ದಾಗ್ಲೇ ಆರಿಸ್ತಾರೆ. ಲ್ಯಾಪ್‌ಟಾಪೂ ಅದೇ ಕೆಲಸ ಮಾಡ್ತಿತ್ತು. ಬ್ಯಾಟ್ರಿ ಉಳಿಸೋಕೆ ಅಂತ ವೈಫೈ ಕಾರ್ಡನ್ನೇ ಮಲಗಿಸೋದು, ಅದು ಏಳೋಕೆ ತಡ ಮಾಡೋದು. ಸ್ಟಾರ್ಟ್ ಗುರುತಿನ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದ್ರೆ ಡಿವೈಸ್ ಮ್ಯಾನೇಜರ್ ಅಂತ ಬತ್ತದೆ. ಅದ್ರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್, ಅದ್ರಲ್ಲಿ ವೈಫೈ ಕಾರ್ಡಿನ ಹೆಸರು, ಅದ್ರ ಪ್ರಾಪರ್ಟೀಸಲ್ಲಿ ಪವರ್ ಮ್ಯಾನೇಜ್‌ಮೆಂಟ್. ಕರೆಂಟ್ ಉಳಿಸೋಕೆ ಈ ಸಾಮಾನನ್ನ ಆರಿಸಬಹುದು ಅಂತ ಒಂದು ಟಿಕ್ ಇರ್ತದೆ, ಅದನ್ನ ತೆಗೀಬೇಕು. ಕೆಲವು ಮೆಷಿನಲ್ಲಿ ಆ ಪುಟವೇ ಇರಲ್ಲ, ಇಲ್ದಿದ್ರೆ ನಿಮ್ಮ ತಪ್ಪಲ್ಲ. ನಮ್ಮದ್ರಲ್ಲಿ ಇತ್ತು. ತೆಗೆದ ಮೇಲೆ ಮುಕ್ಕಾಲು ಪಾಲು ನಿಂತೋಯ್ತು.

ಮಿಕ್ಕಿದ ಕಾಲು ಪಾಲು ಡ್ರೈವರ್ ಅನ್ನೋದ್ರದ್ದು. ಅದೇನು ಅಂದ್ರೆ, ತೋಟಕ್ಕೆ ಹೊಸ ಸಾಹುಕಾರ್ರು ಬಂದ್ರು, ಮೇಸ್ತ್ರಿ ಹಳಬ. ಆಳುಗಳು ಮೇಸ್ತ್ರಿ ಮಾತು ಮಾತ್ರ ಕೇಳ್ತಾರೆ, ಮೇಸ್ತ್ರಿಗೆ ಹೊಸ ಸಾಹುಕಾರ್ರ ರೀತಿ ಗೊತ್ತಿಲ್ಲ. ದಿನಕ್ಕೊಂದು ಎಡವಟ್ಟು. ವಿಂಡೋಸ್ ಸಾಹುಕಾರ, ವೈಫೈ ಕಾರ್ಡು ಆಳು, ಡ್ರೈವರ್ ಮೇಸ್ತ್ರಿ. ನಮ್ಮ ಮೇಸ್ತ್ರಿ 2019ರವನು, ಡ್ರೈವರ್ ಅನ್ನೋ ಪುಟದಲ್ಲೇ ತಾರೀಕು ಬರೆದಿತ್ತು. ಲ್ಯಾಪ್‌ಟಾಪಿನ ಅಡೀಲಿರೋ ಮಾಡೆಲ್ ನಂಬರ್ ನೋಡ್ಕೊಂಡು, ಅದನ್ನ ಮಾಡಿದ ಕಂಪನಿಯ ಸ್ವಂತ ಸೈಟಿಂದ ಹೊಸ ಡ್ರೈವರ್ ಇಳಿಸ್ಕೊಂಡು ಹಾಕಿದ್ಲು. ವೈಫೈಯೇ ಕೈ ಕೊಡ್ತಿರುವಾಗ ಇಳಿಸೋದು ಹೆಂಗೆ ಅಂತೀರಾ? ಫೋನಿಗೆ ಡೇಟಾ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಫೋನಿನ ನೆಟ್ಟೇ ಲ್ಯಾಪ್‌ಟಾಪಿಗೆ ಬತ್ತದೆ. ಡ್ರೈವರ್ ಹಾಕಿ ಕೊಡ್ತೀವಿ ಅಂತ ಬರೋ ಬೇರೆ ಸೈಟುಗಳ ಹತ್ರಾನೂ ಸುಳಿಬೇಡಿ.

ಅಮ್ಮಂದಿರು ಎಲ್ಲಕ್ಕಿಂತ ಇದನ್ನ ನೆನಪಿಟ್ಕೊಳಿ ಅಂತ ಸೊಸೆ ಬರೆಸಿದ್ದು ಇನ್ನೊಂದಿದೆ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು, ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ, ಹಿಂದಿನ ಮೂರು ದಿನ ವೈಫೈ ಯಾವಾಗ ಹತ್ತಿತು, ಯಾವಾಗ ಕಡೀತು, ಯಾಕೆ ಕಡೀತು ಅಂತ ಮೆಷಿನ್ನೇ ವರದಿ ಬರೀತದೆ. ಅವಳು ಅದನ್ನ ತೆಗೆದು ಮಾವನ ಮುಂದೆ ಇಟ್ಲು. ಬೆಳಗಿನ ಜಾವ ನಾಲ್ಕು ಗಂಟೇಲೂ ಕಡಿದಿತ್ತು, ಎಲ್ರೂ ಮಲಗಿದ್ದಾಗ. "ಮಾವ, ಇದನ್ನ ನಾನೇ ಒತ್ತಿದ್ನಾ?" ಅಂದ್ಲು. ಅವ್ರು ಕನ್ನಡಕ ಹುಡುಕೋಕೆ ಒಳಗೆ ಹೋದೋರು ಊಟದ ಹೊತ್ತಿಗೇ ಬಂದಿದ್ದು. ಅದೇ ವರದೀನ ಅವಳು ಆಫೀಸಿಗೂ ಕಳ್ಸಿದ್ಲು. ಅಲ್ಲಿಂದ ಬೆಂಗಳೂರು ಮಾತು ನಿಂತೈತೆ.

ಈಗ ನಿಮ್ಮಲ್ಲೇ ಕೆಲವರಿಗೆ. "ಸುಮ್ನೆ ಇರೋದನ್ನ ಬಿಟ್ಟು ಯಾಕ್ ಅಪ್‌ಗ್ರೇಡ್ ಮಾಡ್ಬೇಕಿತ್ತು" ಅಂತ ಸಂಘದ ಮೀಟಿಂಗಲ್ಲಿ ಅಂದ್ರಿ. ಮಾಡದೇ ಇದ್ರೆ ಬ್ಯಾಂಕಿನ ವ್ಯವಹಾರಾನೂ ಮಾಡೋ ಮೆಷಿನನ್ನ ಬಾಗಿಲು ತೆಗೆದಿಟ್ಟ ಮನೆ ಥರ ಬಿಟ್ಟ ಹಂಗೆ. ಹಳೇದ್ರಲ್ಲೇ ಇರೋರಿಗೆ ರಿಪೇರಿ 2026ರ ಅಕ್ಟೋಬರ್ 13ರ ತನಕ ಸಿಗ್ತದೆ, ಅದಕ್ಕೆ ಹೆಸರು ಬರೆಸ್ಬೇಕು, ಸೆಟ್ಟಿಂಗ್ಸೆಲ್ಲ ಮೈಕ್ರೋಸಾಫ್ಟ್ ಅಕೌಂಟಿಗೆ ಬ್ಯಾಕಪ್ ಮಾಡೋಕೆ ಒಪ್ಪಿದ್ರೆ ದುಡ್ಡೂ ಬೇಡ. ಇದನ್ನ ನಮಗೆ ಮೊದಲೇ ಯಾರಾದ್ರೂ ನಮ್ಮ ಭಾಷೇಲಿ ಹೇಳಿದ್ರಾ? ನೀಲಿ ಪರದೇಲಿ ಇಂಗ್ಲಿಷಲ್ಲಿ ಒಂದು ದೊಡ್ಡ ಗುಂಡಿ, ಅದ್ರ ಪಕ್ಕ ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ ಬೇಡ ಅನ್ನೋದು. ಹಿಂಗೆ ಕೇಳಿ ಹೂಂ ಅನ್ನಿಸ್ಕೊಂಡು, ಆಮೇಲೆ ಒತ್ತಿದೋಳದ್ದೇ ತಪ್ಪು ಅನ್ನೋದು ಯಾವ ಊರ ನ್ಯಾಯ?

ಇನ್ನು "ಹೆಂಗಸ್ರು ಏನೋ ಮುಟ್ಟಿರ್ತಾರೆ" ಅನ್ನೋರಿಗೆ. 2022ರ ಜೂನಲ್ಲಿ ಬಂದ ಒಂದು ಅಪ್‌ಡೇಟ್ ಆದ್ಮೇಲೆ ವಿಂಡೋಸಲ್ಲಿ ಹಾಟ್‌ಸ್ಪಾಟ್ ಹಾಕಿದ್ರೆ ಆ ಮೆಷಿನ್ನಿಗೇ ಇಂಟರ್ನೆಟ್ ಹೋಗ್ತಿತ್ತು. 2023ರ ಡಿಸೆಂಬರಲ್ಲಿ ಇನ್ನೊಂದು ಅಪ್‌ಡೇಟಿಂದ ಕೆಲವು ವಿಂಡೋಸ್ 11 ಕಂಪ್ಯೂಟರಲ್ಲಿ ವೈಫೈಯೇ ಕೆಲಸ ಮಾಡ್ಲಿಲ್ಲ, ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲೂ ಹಂಗಾಯ್ತು. ಎರಡು ಸಲಾನೂ ಮೈಕ್ರೋಸಾಫ್ಟೇ ಒಪ್ಕೊಂಡು ಸರಿ ಮಾಡಿತು. ಅಲ್ಲೆಲ್ಲ ನಮ್ಮ ಬಾಳ್ಳುಪೇಟೆ ಸೊಸೆಯಂದ್ರು ಹೋಗಿ ಮುಟ್ಟಿ ಬಂದಿದ್ರಾ?

ಪಕ್ಕದ ಮನೆ ಅಕ್ಕ, ಬೇಜಾರ್ ಮಾಡ್ಕೋಬೇಡಿ, ನಿಮ್ಗೂ ಒಂದ್ ಮಾತು. "ಅಷ್ಟು ಕಷ್ಟ ಆದ್ರೆ ಕೆಲಸ ಬಿಡು, ತೋಟ ಇಲ್ವಾ" ಅಂದ್ರಲ್ಲ ಅವಳಿಗೆ. ಮೋಟ್ರು ಸುಟ್ಟಾಗ ನಿಮ್ಮನೆಯೋರಿಗೆ ‘ತೋಟ ಬಿಡಿ’ ಅಂದಿದ್ರಾ? ಅವಳ ಸಂಬಳದಲ್ಲಿ ಹೋದ ವರ್ಷ ಮಳೆಗೆ ಕಾಫಿ ಉದುರಿ ಹೋದಾಗ ಆಳಿನ ಬಟವಾಡೆ ಆಗಿದೆ. ಅದು ನಿಮ್ಗೆ ಗೊತ್ತಿರ್ಲಿಲ್ಲ, ಈಗ ಹೇಳ್ತಿದೀನಿ. ನಾನೂ ಅವತ್ತು ಜಗಲೀಲಿ ಅದೇ ಸಾಲಲ್ಲಿ ನಿಂತು ಕೇಳಿದೋಳೇ. ಅವಳ ಹತ್ರ ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳೋಕೆ ನಂಗೆ ಎಂಟು ದಿನ ಹಿಡೀತು. ಕೊನೆಗೆ ಕಡುಬು ಬಡಿಸ್ತಾ ಹೇಳ್ದೆ. "ಇರ್ಲಿ ಬಿಡಿ ಅತ್ತೆ, ಚಟ್ನಿ ಹಾಕಿ" ಅಂದ್ಲು.

ಮೊನ್ನೆ ಮತ್ತೊಂದು ಅಪ್‌ಡೇಟ್ ಬಂದು ಕೂತಿದೆ. ಅವಳು ಅದನ್ನ ಶನಿವಾರ ರಾತ್ರಿಗೆ ಹಾಕಿಟ್ಟಿದ್ದಾಳೆ, ಭಾನುವಾರ ಆಫೀಸಿಲ್ಲ, ಏನಾದ್ರೂ ಆದ್ರೆ ನೋಡ್ಕೊಳೋಕೆ ಒಂದು ದಿನ ಸಿಗ್ತದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ತಾರೀಕು ಬರೆದಿದ್ದೀವಿ. ವೈಫೈ ಡ್ರೈವರ್ ಫೈಲು ಪೆನ್‌ಡ್ರೈವಲ್ಲಿ ಇದೆ, ಪೆನ್‌ಡ್ರೈವು ಅಡಿಗೆಮನೇಲಿ ಹಳೇ ಸಾಸಿವೆ ಡಬ್ಬೀಲಿ. ಜಗಲಿಗೆ ಒಂದು ಪ್ಲಗ್ ಪಾಯಿಂಟ್ ಹಾಕ್ಸೋಕೂ ಹೇಳಿದ್ದೀನಿ, ನಮ್ಮನೆಯೋರು ಕರೆಂಟ್ ಬಿಲ್ ಅಂತ ಇನ್ನೂ ಯೋಚ್ನೆ ಮಾಡ್ತಿದ್ದಾರೆ.