ಅಟ್ಟದ ರೈಲು, ಘಾಟಿಯ ಸದ್ದು

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿ ಇರುತ್ತದೆ. ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಇಂಗ್ಲೆಂಡಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಮನೆಯ ಅಟ್ಟ ಹತ್ತಿದೆ. ಅಲ್ಲಿ ಪುಟ್ಟ ರೈಲು ಮಾರ್ಗವೇ ಇತ್ತು! ಅದೂ ಇಂಗ್ಲೆಂಡಿನದ್ದಲ್ಲ, ಅಮೆರಿಕದ್ದು.

ನನಗೆ ಆಶ್ಚರ್ಯ. 1825ರಲ್ಲೇ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಓಡಿಸಿದವರು ಇವರು. ಮಾದರಿ ರೈಲು ಮಾಡುವ ಹಾರ್ನ್‌ಬಿ ಕಂಪನಿಯೂ ಇವರದ್ದೇ. ಮತ್ತೆ ಅಮೆರಿಕದ ಹುಚ್ಚು ಯಾಕೆ?

ಅವರು ವಿವರಿಸಿದರು. ಬ್ರಿಟನ್ನಿನ ‘ಓಓ’ ಮಾದರಿ ಅಸಲಿಯ 76ನೇ ಒಂದು ಪಾಲು. ಅಮೆರಿಕದ ‘ಎಚ್‌ಓ’ 87ನೇ ಒಂದು ಪಾಲು. ಓಡುವುದು ಮಾತ್ರ ಎರಡೂ 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ. ಆ ಹಳಿ ಲೆಕ್ಕಕ್ಕೆ ಸರಿಹೊಂದುವುದು ಎಚ್‌ಓಗೆ. ಇನ್ನು, ಬ್ರಿಟನ್ನಿನ ದೊಡ್ಡ ರೈಲು ಕಂಪನಿಗಳು 1948ರಲ್ಲಿ ಸರ್ಕಾರದ ಪಾಲಾದವು. ಅಮೆರಿಕದಲ್ಲಿ ಹಲವಾರು ಖಾಸಗಿ ಕಂಪನಿ, ಒಂದೊಂದಕ್ಕೂ ಒಂದೊಂದು ಬಣ್ಣ. ಯಾವ ವ್ಯಾಗನ್ ಯಾವ ಗೋದಾಮಿಗೆ ಅಂತ ಚೀಟಿ ಬರೆದು, ಬಿಡಿಸಿ, ಜೋಡಿಸಿ, ತಲುಪಿಸುವುದೇ ಆಟ. ಗೋಡೆ ಬದಿಯ ಒಂದು ಹಲಗೆ ಸಾಕು.

“ನಮ್ಮೂರಿನ ರೈಲು ಮಾಡಿದರೆ ಬಂದವರೆಲ್ಲ ತಪ್ಪು ಹುಡುಕ್ತಾರೆ. ದೂರದ್ದಾದರೆ ಆ ಕಾಟ ಇಲ್ಲ” ಅಂತ ನಕ್ಕರು.

ಬೆಂಗಳೂರಿಗೆ ವಾಪಸ್ ಬಂದರೂ ಆ ಅಟ್ಟ ತಲೆಯಿಂದ ಹೋಗಲಿಲ್ಲ. ನನಗೂ ಒಂದು ಬೇಕು ಅನ್ನಿಸಿತು. ಆದರೆ ಯಾವುದು? ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು. ಅಂಗಡಿಯ ಹಳಿ ಅದಕ್ಕೆ ಸಾಲದು. ಆಗ ನೆನಪಾದದ್ದು ನಮ್ಮ ಘಾಟಿ.

ನಮ್ಮ ಮನೆ ನೆಟ್ಟಣದ ಹತ್ತಿರ, ಅಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಬಳಿ. ಘಾಟಿಯ ಮೀಟರ್ ಗೇಜ್ ಮಾರ್ಗ 1996ರಲ್ಲಿ ನಿಂತಾಗ ನಾನಿನ್ನೂ ಕೂಸು. ಬ್ರಾಡ್ ಗೇಜ್ ಆಗಿ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂದಾಗ ಏಳನೇ ಕ್ಲಾಸು. 57 ಸುರಂಗ; 50 ಮೀಟರ್ ಹೋದರೆ ಒಂದು ಮೀಟರ್ ಏರುವ ದಾರಿ. ಗೂಡ್ಸ್ ಗಾಡಿಯನ್ನು ಹಿಂದಿನಿಂದ ತಳ್ಳುವುದಕ್ಕೂ ಎಂಜಿನ್ ಬೇಕು. ಆ ಡಬ್ಲ್ಯುಡಿಜಿ-4 ಎಂಜಿನ್‌ಗಳು ವಾರಾಣಸಿಯಲ್ಲಿ ತಯಾರಾದರೂ ವಿನ್ಯಾಸ ಅಮೆರಿಕದ ಜನರಲ್ ಮೋಟರ್ಸ್‌ದು. ಅಲ್ಲಿಯ ಎಸ್‌ಡಿ70ಮ್ಯಾಕ್ ಇದರ ದಾಯಾದಿ: ಅದೇ 4000 ಅಶ್ವಶಕ್ತಿ, ಅದೇ 16 ಸಿಲಿಂಡರ್. ಇಂಗ್ಲೆಂಡಿನವರಿಗೆ ದೂರದ್ದು ಅಂತ ಇಷ್ಟವಾದ ರೈಲು ನನಗೆ ಮನೆಯದ್ದೇ ಆಗಿತ್ತು!

ಸದ್ದು ಮಾಡುವ ಎಸ್‌ಡಿ70ಮ್ಯಾಕ್ ಒಂದನ್ನು ತರಿಸಿದೆ. ಬೆಲೆಯನ್ನು ಹೆಂಡತಿಗೆ ಅರ್ಧ ಮಾತ್ರ ಹೇಳಿದ್ದೇನೆ. ದೀಪಾವಳಿಗೆ ಊರಿಗೆ ಒಯ್ದು ಜಗಲಿಯಲ್ಲಿ ಹಳಿ ಜೋಡಿಸಿದೆ.

“ಎಂತದಾ ಇದು, ಈ ಪ್ರಾಯದಲ್ಲಿ ಮಕ್ಕಳಾಟ?” ಅಮ್ಮ ಕೇಳಿದರು.

ಸ್ವಿಚ್ ಒತ್ತಿದೆ. ಒಳಕೋಣೆಯಲ್ಲಿ ಮಲಗಿದ್ದ ಅಪ್ಪನಿಗೆ ಈಗ ಕಿವಿ ಸ್ವಲ್ಪ ಮಂದ. ಆದರೂ ಅಲ್ಲಿಂದಲೇ ಕೇಳಿದರು: “ರೈಲು ಹತ್ತುತ್ತಾ ಉಂಟಲ್ಲ, ಮಗ ಹೊರಟನಾ?”

ಅಮ್ಮ ಮೆಲ್ಲಗೆ ಹೇಳಿದರು. ನಾನು ರಾತ್ರಿ ರೈಲಿಗೆ ಬೆಂಗಳೂರಿಗೆ ಹೊರಟ ದಿನವೆಲ್ಲ, ಎಂಜಿನ್ ಸದ್ದು ಗುಡ್ಡದಾಚೆ ಅಡಗುವವರೆಗೂ ಅಪ್ಪ ಇದೇ ಜಗಲಿಯಲ್ಲಿ ಕೂತಿರುತ್ತಿದ್ದರಂತೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಈಗ ನಮ್ಮ ಸ್ಟೇಷನ್‌ಗೆ ಕರೆಂಟಿನ ತಂತಿ ಬಂದಿದೆ. ಒಳ್ಳೆಯದೇ, ಸುರಂಗದಲ್ಲಿ ಹೊಗೆ ಇರುವುದಿಲ್ಲ. ಆದರೆ ಕರೆಂಟಿನ ಎಂಜಿನ್‌ಗೆ ಆ ಗುಡುಗು ಇಲ್ಲ. ನಾನು ಹೊರಟದ್ದು ಅಪ್ಪನಿಗೆ ಇನ್ನು ಕೇಳಿಸಲಿಕ್ಕಿಲ್ಲ.

ಎಂಜಿನ್ನನ್ನು ಬೆಂಗಳೂರಿಗೆ ವಾಪಸ್ ತರಲಿಲ್ಲ. ಅಟ್ಟಕ್ಕೂ ಹಾಕಲಿಲ್ಲ. ಜಗಲಿಯಲ್ಲೇ ಇದೆ. ಈಗ ಊರಿನಿಂದ ಹೊರಡುವಾಗ ಸದ್ದಿಗೆ ಕಾಯದೆ, ಅಪ್ಪನ ಹತ್ತಿರ ಹತ್ತು ನಿಮಿಷ ಕೂತು, ಹೇಳಿಯೇ ಹೊರಡುತ್ತೇನೆ.