ಒಂದೇ ಬೆಂಚಿನ ಸುಳ್ಳು

ಹೋದ ಡಿಸೆಂಬರಿನಲ್ಲಿ ನಮ್ಮೂರಲ್ಲಿ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ ಅಂತ ಒಂದು ಕಾರ್ಯಕ್ರಮ ಆಯ್ತು. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಊರು. 2002ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬ್ಯಾಚು. ಬೆಂಗಳೂರಿನಿಂದ ನಾವು ಒಂಬತ್ತು ಜನ ಮೂರು ಕಾರಲ್ಲಿ ಹೋದ್ವಿ. ಮೇಷ್ಟ್ರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಮಗೂ ಒಂದೊಂದು ನೆನಪಿನ ಕಾಣಿಕೆ. ಆಮೇಲೆ ಒಬ್ಬೊಬ್ಬರೇ ಮೈಕು ಹಿಡಿದು ಅದೇ ಒಂದು ಮಾತು ಹೇಳಿದ್ವಿ: “ಆಗ ಬಡವ ಶ್ರೀಮಂತ ಅಂತ ಭೇದ ಇರಲಿಲ್ಲ, ನಾವೆಲ್ಲ ಒಂದೇ ಬೆಂಚಲ್ಲಿ ಕೂತು ಓದಿದವರು.” ನಾನೂ ಹೇಳಿದೆ. ಚಪ್ಪಾಳೆ ಚೆನ್ನಾಗಿ ಬಿತ್ತು.

ವಾಪಸ್ ಬರ್ತಾ ತಿಪಟೂರು ದಾಟಿದ ಮೇಲೆ ನೆನಪಾಯ್ತು. ಏಳನೇ ಕ್ಲಾಸಿನವರೆಗೆ ನಮ್ಮ ಶಾಲೇಲಿ ಬೆಂಚೇ ಇರಲಿಲ್ಲ ಸ್ವಾಮಿ! ನೆಲದ ಮೇಲೆ ಕೂರ್ತಿದ್ವಿ. ಮನೇಲಿ ಇದ್ದವರು ಮಣೆ ತರ್ತಿದ್ರು, ಇಲ್ಲದವರು ಗೊಬ್ಬರದ ಚೀಲ ತರ್ತಿದ್ರು. ಕಾಲೋನಿಯಿಂದ ಬರ್ತಿದ್ದ ಆರು ಹುಡುಗರು ಬಾಗಿಲ ಪಕ್ಕ, ಕೊನೇ ಸಾಲಲ್ಲಿ. ಅಲ್ಲೇ ಕೂತ್ಕೊಳ್ಳಿ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕುಡಿಯೋ ನೀರಿನ ಕೊಡದಿಂದ ನಾವೇ ಲೋಟದಲ್ಲಿ ಎತ್ತಿ ಕುಡೀತಿದ್ವಿ, ಅವರಿಗೆ ಇನ್ಯಾರೋ ಎತ್ತಿ ಹಾಕ್ತಿದ್ರು. ಎಷ್ಟೋ ಸಲ ನಾನೇ ಹಾಕಿದ್ದೀನಿ. ಅದನ್ನು ದೊಡ್ಡ ಉಪಕಾರ ಅಂದುಕೊಂಡಿದ್ದೆ.

ಬಾಲ್ಯದ ನೆನಪು ಅಂತ ನಾವು ಬರೆಯೋದು, ಮಾತಾಡೋದು ನೋಡಿ. ಕೆರೆ, ಈಜು, ನೆಲ್ಲಿಕಾಯಿ, ಮೇಷ್ಟ್ರ ಬೆತ್ತ, ಹಿಂದಿನ ಬೆಂಚಿನ ತರಲೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದ್ರೆ ಈ ಎಲ್ಲ ಕತೆಗಳೂ ಹೇಗೆ ಮುಗಿಯುತ್ತವೆ ಅಂತ ಗಮನಿಸಿದ್ದೀರಾ? “ಅಂಥ ಶಾಲೆಯಿಂದ ಬಂದು ನಾನು ಇವತ್ತು ಇಲ್ಲಿದ್ದೀನಿ.” ಜೊತೆಗಿದ್ದವರೆಲ್ಲ ಆ ಕತೆಯಲ್ಲಿ ಬರೀ ಹಿನ್ನೆಲೆ. ಅವರು ಯಾಕೆ ಇಲ್ಲಿಲ್ಲ ಅಂದ್ರೆ ನಮ್ಮ ಹತ್ರ ಒಂದು ಸಿದ್ಧ ಉತ್ತರ ಇದೆ: “ಓದಲಿಲ್ಲ ಗುರೂ.” ಈ ಲೇಖನ ಆ ಎರಡು ಪದಗಳ ವಿರುದ್ಧ.

ಹಾಜರಿ ನಂಬರ್ 17ನ್ನು ತಗೊಳ್ಳಿ. ಹೆಸರು ಬೇಡ. ಅವರಪ್ಪ ಕಾಯಿ ಸುಲಿಯೋರು. ಸೀಸನ್ನಿನಲ್ಲಿ ಇವನೂ ಬೆಳಗಿನ ಜಾವ ಎದ್ದು ಅಪ್ಪನ ಜೊತೆ ತೋಟಕ್ಕೆ ಹೋಗಿ, ಕಾಯಿ ಎಣಿಸಿ, ಪ್ರಾರ್ಥನೆ ಹೊತ್ತಿಗೆ ಶಾಲೆಗೆ ಬರ್ತಿದ್ದ. ಸಾವಿರ ಕಾಯಿಗೆ ಇಷ್ಟು ಕೂಲಿ ಅಂದ್ರೆ 740 ಕಾಯಿಗೆ ಎಷ್ಟು ಅಂತ ನಾವು ಸ್ಲೇಟು ಹುಡುಕೋವಷ್ಟರಲ್ಲಿ ಬಾಯಲ್ಲಿ ಹೇಳ್ತಿದ್ದ. ನನಗೆ ಬಡ್ಡಿ ಲೆಕ್ಕ ತಲೆಗೆ ಹತ್ತಿದ್ದು ಅವನು ಹೇಳಿಕೊಟ್ಟ ಮೇಲೆ. ಎಸ್ಸೆಸ್ಸೆಲ್ಸೀಲಿ ಗಣಿತಕ್ಕೆ ಅವನಿಗೆ 81, ನನಗೆ 79. ಇಂಗ್ಲಿಷಿಗೆ ನನಗೆ 68, ಅವನಿಗೆ 27. ಪಾಸಾಗಲು 35 ಬೇಕು. ಎಂಟು ಮಾರ್ಕ್ಸು.

ಈ ಎಂಟು ಮಾರ್ಕ್ಸಿನ ಲೆಕ್ಕ ಬಿಡಿಸೋಣ. ಆಗ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಎಬಿಸಿಡಿ ಶುರುವಾಗ್ತಿದ್ದದ್ದೇ ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಬಂದಿದ್ದು 2007ರಲ್ಲಿ, ನಾವು ಆಚೆ ಬಂದು ಐದು ವರ್ಷ ಆದಮೇಲೆ. ನಮ್ಮಪ್ಪ ಸೊಸೈಟಿ ಗುಮಾಸ್ತ. ತಿಂಗಳಾದ್ರೆ ಸಂಬಳ. ತಿಪಟೂರಿನಲ್ಲಿ ಮಾವ ಇದ್ರು, ಬೇಸಿಗೆ ರಜೆ ಪೂರ್ತಿ ಅಲ್ಲಿದ್ದು ಅವರ ಹತ್ರ ಇಂಗ್ಲಿಷ್ ಹೇಳಿಸಿಕೊಳ್ತಿದ್ದೆ. 17ರವನಿಗೆ ಬೇಸಿಗೆ ರಜೆ ಅಂದ್ರೆ ಪೂರ್ತಿ ದಿನದ ಕೆಲಸ. ಅವನು ಫೇಲಾದ ಮೇಲೆ ಎರಡು ಸಲ ಕಟ್ಟಿದ. ಎರಡು ಸಲವೂ ಇಂಗ್ಲಿಷೇ ಹೋಯ್ತು. ಮೂರನೇ ಸಲ ಫೀಸು ಕಟ್ಟಲಿಲ್ಲ. ಇದನ್ನು ‘ಓದಲಿಲ್ಲ’ ಅಂತೀರಾ?

ಹಾಜರಿ ನಂಬರ್ 29. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೇಲಿ ಶಾಲೆಗೇ ಮೊದಲು. ಹತ್ತನೇ ಕ್ಲಾಸಿನಲ್ಲಿ ನನಗಿಂತ 22 ಮಾರ್ಕ್ಸು ಜಾಸ್ತಿ. ಅವರಿಗೆ ಎರಡೆಕರೆ ತೆಂಗಿತ್ತು, ಬೇರೆ ಏನಿಲ್ಲ. ನಾವು ಹೈಸ್ಕೂಲಿನಲ್ಲಿದ್ದಾಗ ನುಸಿಪೀಡೆ ಬಂತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಆ ನುಸಿ ನೋಡನೋಡುತ್ತಾ ನಮ್ಮ ಸೀಮೆಗೂ ಬಂತು. ಕಾಯಿ ಮೇಲೆಲ್ಲ ಕಂದು ಕಜ್ಜಿ, ಕಾಯಿ ಸಣ್ಣಗೆ ಸೊಟ್ಟಗೆ. ಸಂಬಳ ಬರೋ ಮನೇಲಿ ನಾವದನ್ನು ಪೇಪರಿನಲ್ಲಿ ಓದಿದ್ವಿ. ಅವಳ ಮನೇಲಿ ಅದನ್ನು ಉಂಡರು. ಪಿಯುಸಿಗೆ ಅರಸೀಕೆರೆಗೆ ಬಸ್ಸಲ್ಲಿ ಹೋಗಿಬರಬೇಕು. ಬಸ್ ಪಾಸು, ಪುಸ್ತಕ, ಜೊತೆಗೆ ‘ವಯಸ್ಸಿಗೆ ಬಂದ ಹುಡುಗಿ’ ಅನ್ನೋ ಮಾತು. ಮುಂದಿನ ವರ್ಷ ಮದುವೆ ಮಾಡಿದ್ರು. ಮದುವೆಗೆ ನಾನೂ ಹೋಗಿದ್ದೆ, ಪಾಯಸ ಚೆನ್ನಾಗಿತ್ತು. ಅದರಲ್ಲಿ ತಪ್ಪೇನಿದೆ ಅಂತ ಆಗ ಅನ್ನಿಸಿರಲಿಲ್ಲ.

ಇನ್ನು ನನ್ನ ಸೀಟಿನ ಕತೆ. ಅದನ್ನು ಮೊನ್ನೆ ಮೈಕಿನಲ್ಲಿ ಹೇಳಲಿಲ್ಲ, ಇಲ್ಲಿ ಹೇಳ್ತೀನಿ. 2004ರ ಸಿಇಟಿಯಲ್ಲಿ ನನಗೆ ಸೀಟು ಸಿಕ್ಕಿದ್ದು ಗ್ರಾಮೀಣ ಕೋಟಾದಲ್ಲಿ. ನೂರಕ್ಕೆ 15 ಸೀಟು ಹಳ್ಳಿಯಲ್ಲಿ ಓದಿದವರಿಗೆ, 5 ಕನ್ನಡ ಮಾಧ್ಯಮದವರಿಗೆ. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿದ್ದಾನೆ ಅಂತ ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ ಸಹಿ. ಆ ಕಾಗದ ಇಲ್ಲದಿದ್ರೆ ನನ್ನ ರ‍್ಯಾಂಕಿಗೆ ಆ ಕಾಲೇಜು ಕನಸು. ಈ ಕೋಟಾ ತಪ್ಪು ಅಂತ ನಾನು ಹೇಳ್ತಿಲ್ಲ, ನ್ಯಾಯವಾದದ್ದೇ. ಆದ್ರೆ ಅದು ಯಾಕಿದೆ? ಅಂಥ ಶಾಲೆಗಳಲ್ಲಿ ಕಲಿಯೋದು ಕಷ್ಟ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಆ ಕಷ್ಟ ನಲವತ್ತೊಂದು ಜನ ಪಟ್ಟಿದ್ದು. ಅದರ ಬೆಲೆ ಕೈಗೆ ಸಿಕ್ಕಿದ್ದು, ಪಿಯುಸಿ ದಾಟಿ ಸಿಇಟಿ ಹಾಲಿನ ಬಾಗಿಲವರೆಗೆ ಹೋಗೋಕಾದ ಇಬ್ಬರಿಗೆ.

ಇನ್ನೂ ಒಂದು ವಿಷಯ ಇದೆ. ಸರ್ಕಾರಿ ಶಾಲೇಲಿ ಎಷ್ಟು ಮೇಷ್ಟ್ರು ಇರಬೇಕು ಅನ್ನೋದು ಮಕ್ಕಳ ತಲೆ ಎಣಿಸಿ ತೀರ್ಮಾನ ಆಗುತ್ತೆ. ಮಕ್ಕಳು ಕಮ್ಮಿ ಆದ್ರೆ ಮೇಷ್ಟ್ರು ‘ಹೆಚ್ಚುವರಿ’ ಆಗಿ ಬೇರೆ ಊರಿಗೆ ಹೋಗ್ತಾರೆ. ನಾವು ಪ್ರೈಮರಿಯಲ್ಲಿದ್ದ ಕಾಲದಲ್ಲಿ ಇನ್ನೂ ಬಿಸಿಯೂಟ ಇರಲಿಲ್ಲ. 1995ರಲ್ಲಿ ಕೇಂದ್ರ ಶುರುಮಾಡಿದ ಯೋಜನೆಯಲ್ಲಿ, ಐದನೇ ಕ್ಲಾಸಿನವರೆಗಿನ ಮಕ್ಕಳಿಗೆ ತಿಂಗಳಿಗೆ ಮೂರು ಕೆಜಿ ಅಕ್ಕಿ. ಷರತ್ತು ಒಂದೇ, ನೂರಕ್ಕೆ 80 ಹಾಜರಿ ಇರಬೇಕು. ನಮ್ಮಮ್ಮ ಆ ಅಕ್ಕಿ ಮನೆಗೆ ತರಬೇಡ ಅಂದಿದ್ರು. 17ರವನು ಒಂದು ದಿನ ತಪ್ಪಿಸ್ತಿರಲಿಲ್ಲ. ಜ್ವರ ಬಂದ ದಿನವೂ ಟವೆಲ್ ಹೊದ್ದು ಬಂದು “ಎಸ್ ಸಾರ್” ಅಂದಿದ್ದು ನೆನಪಿದೆ. ನಾವು ನಕ್ಕಿದ್ವಿ.

ಈಗ ಕೂತು ಯೋಚನೆ ಮಾಡಿ. ಅಕ್ಕಿಗಾಗಿ ಬಂದ ಆ ಹಾಜರಿಗಳೇ ನಮ್ಮ ಶಾಲೆಯ ತಲೆಲೆಕ್ಕ ತುಂಬಿಸಿದ್ದು. ಆ ತಲೆಲೆಕ್ಕ ಇದ್ದದ್ದಕ್ಕೇ ನಮಗೆ ಆರು ಜನ ಮೇಷ್ಟ್ರಿದ್ದರು. ಅವರಲ್ಲಿ ಒಬ್ಬರು, ಸಂಜೆ ಐದೂವರೆವರೆಗೆ ಕೂರಿಸಿಕೊಂಡು ನನಗೆ ಗಣಿತ ಹೇಳಿಕೊಟ್ಟವರು. ಅವರಿಗೇ ನಾವು ಮೊನ್ನೆ ಶಾಲು ಹೊದಿಸಿದ್ದು. ಅವರ ಹುದ್ದೆ ಉಳಿಸಿದ 17ರವನಿಗೆ ಯಾರೂ ಏನೂ ಹೊದಿಸಲಿಲ್ಲ. ಅವನು ಅಲ್ಲೇ ಇದ್ದ. ಶಾಮಿಯಾನ, ಮೈಕ್‌ಸೆಟ್ಟು ಅವನದೇ ಬಾಡಿಗೆ. ನಾನು ‘ಒಂದೇ ಬೆಂಚು’ ಅಂದಾಗ ಮೈಕು ಕುಯ್ಯೋ ಅಂತು. ಅವನು ಓಡಿಬಂದು ವೈರು ಸರಿಮಾಡಿ, “ಈಗ ಮಾತಾಡು” ಅಂತ ಹೇಳಿ ಪಕ್ಕಕ್ಕೆ ಸರಿದ. ನಿರೂಪಕರು ವೇದಿಕೆಗೆ ಕರೆದಿದ್ದು ‘ಸಾಧಕರನ್ನು’ ಮಾತ್ರ.

ಇಷ್ಟು ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರುತ್ತೆ. “ಹಾಗಾದ್ರೆ ನಾವು ರಾತ್ರಿ ಲಾಟೀನು ಬೆಳಕಲ್ಲಿ ಓದಿದ್ದು ಸುಳ್ಳಾ?” ಅಂತ. ಸುಳ್ಳಲ್ಲ. ನಾನೂ ಓದಿದ್ದೀನಿ, ಕಣ್ಣು ಉರಿಯೋವಷ್ಟು ಓದಿದ್ದೀನಿ. ಶ್ರಮ ಪಟ್ಟವನು ನಾನೊಬ್ಬನೇ ಅಂದುಕೊಂಡಿದ್ದು ಮಾತ್ರ ಸುಳ್ಳು. ಅದಕ್ಕಿಂತ ಅಸಹ್ಯ ಇನ್ನೊಂದಿದೆ. ಗ್ರಾಮೀಣ ಕೋಟಾದಲ್ಲಿ ಸೀಟು ತಗೊಂಡು, ಆಫೀಸ್ ಕ್ಯಾಂಟೀನಲ್ಲಿ ಕಾಫಿ ಹೀರ್ತಾ, ರಿಸರ್ವೇಶನ್‌ನಿಂದ ಮೆರಿಟ್ಟು ಹಾಳಾಯ್ತು ಅಂತ ಭಾಷಣ ಮಾಡೋ ಎಷ್ಟು ಜನರನ್ನ ನೋಡಿಲ್ಲ ನಾವು? ಬಾಗಿಲ ಪಕ್ಕ ಕೂರ್ತಿದ್ದ ಆ ಆರು ಹುಡುಗರಲ್ಲಿ ಒಬ್ಬ ಇವತ್ತು ಹಾಸನದಲ್ಲಿ ಸರ್ಕಾರಿ ನೌಕರ. ಅವನ ಬಗ್ಗೆ “ಕೋಟಾದಲ್ಲಿ ಸಿಕ್ತು ಬಿಡು” ಅಂತ ಕಾರಲ್ಲಿ ಒಬ್ಬ ಅಂದಾಗ ಹಿಂದಿನ ಸೀಟಲ್ಲಿ ಕೂತಿದ್ದ ನಾನು ಸುಮ್ಮನಿದ್ದೆ. ನನ್ನ ಸೀಟು ಹೇಗೆ ಸಿಕ್ತು ಅಂತ ಅವನಿಗೂ ಗೊತ್ತು. ಯಾರಿಗೂ ಹೇಳಿಕೊಳ್ಳೋಕೆ ಇಷ್ಟ ಇಲ್ಲ ಅಷ್ಟೇ.

ಮತ್ತೆ, ಸಮ್ಮಿಲನಕ್ಕೆ ಬಂದವರು ಯಾರು? ನಲವತ್ತೊಂದರಲ್ಲಿ ಹದಿನಾರು ಜನ ಹುಡುಗಿಯರು. ಬಂದವರು ಮೂರೇ ಜನ. “ಲೇಡೀಸ್ ನಂಬರ್ ಸಿಗಲಿಲ್ಲ” ಅಂದ್ರು ಸಂಘಟಕರು. ಹುಡುಕಿದ್ರೆ ಸಿಗುತ್ತೆ. 29ನೇ ನಂಬರಿನವಳ ತವರುಮನೆ ಶಾಲೆ ಕಾಂಪೌಂಡಿಂದ ಮೂರನೇ ಮನೆ. ನಾನು ಊಟ ಆದಮೇಲೆ ಹೋಗಿ ಅವರಮ್ಮನ ಹತ್ರ ನಂಬರ್ ಇಸ್ಕೊಂಡೆ. ಎರಡು ನಿಮಿಷದ ಕೆಲಸ.

ಶಾಲೆ ಈಗ ಹೇಗಿದೆ ಗೊತ್ತಾ? ಆಗ ನಮ್ಮ ಒಂದು ಕ್ಲಾಸಲ್ಲೇ 41 ಇದ್ವಿ. ಈಗ ಒಂದರಿಂದ ಏಳರವರೆಗೆ ಎಲ್ಲಾ ಸೇರಿಸಿದ್ರೂ 38. ಮೇಷ್ಟ್ರು ಇಬ್ಬರು. ಬೆಳಗ್ಗೆ ಹಳದಿ ವ್ಯಾನು ಬಂದು, ಕೈಲಾದವರ ಮಕ್ಕಳನ್ನೆಲ್ಲ ಕಾನ್ವೆಂಟಿಗೆ ಕರ್ಕೊಂಡು ಹೋಗುತ್ತೆ. ವೇದಿಕೆ ಮೇಲೆ “ನಮ್ಮೂರ ಶಾಲೆ ನಮ್ಮ ಹೆಮ್ಮೆ” ಅಂದ ಕಂಟ್ರಾಕ್ಟರ್ ಗೆಳೆಯನ ಮಗ ಅದೇ ವ್ಯಾನಲ್ಲಿ ಹೋಗ್ತಾನೆ. ಅವನನ್ನ ಬೈಯೋ ಯೋಗ್ಯತೆ ನನಗಿಲ್ಲ. ನನ್ನ ಮಗಳು ಬೆಂಗಳೂರಲ್ಲಿ ಓದೋ ಶಾಲೇಲಿ ಎಲ್ಲಾ ಅಪ್ಪಂದಿರ ಕೊರಳಲ್ಲೂ ಐಡಿ ಕಾರ್ಡು. ಅವಳ ಕ್ಲಾಸಲ್ಲಿ ಕಾಯಿ ಎಣಿಸಿ ಬರೋ ಹುಡುಗ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಮಗ ಅದೇ ರಸ್ತೆಯ ಸರ್ಕಾರಿ ಶಾಲೆಗೆ ಹೋಗ್ತಾನೆ. ಅವರಿಬ್ಬರೂ ಒಂದೇ ಬೆಂಚಲ್ಲಿ ಕೂರದ ಹಾಗೆ ನೋಡಿಕೊಳ್ಳೋಕೆ ನಾನು ವರ್ಷಕ್ಕೆ ಲಕ್ಷಕ್ಕಿಂತ ಮೇಲೆ ಕಟ್ತಿದ್ದೀನಿ. ಕಟ್ಟಿ, ಊರಿಗೆ ಹೋಗಿ, ಒಂದೇ ಬೆಂಚಿನ ಬಗ್ಗೆ ಭಾಷಣ ಮಾಡಿ ಬಂದೆ.

ಎಲ್ಲರೂ ನಾಳೆನೇ ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಿ ಅಂತ ಉಪದೇಶ ಮಾಡಿದ್ರೆ ನೀವು ನಗ್ತೀರಿ, ನಾನೂ ನಗ್ತೀನಿ. ನನ್ನ ಕೋರಿಕೆ ಅದಕ್ಕಿಂತ ಸಣ್ಣದು. ಮುಂದಿನ ವರ್ಷ ಸಮ್ಮಿಲನ ಮಾಡೋದಾದ್ರೆ ಶಾಲು, ನೆನಪಿನ ಕಾಣಿಕೆ ಬಿಡಿ. ಆ ದುಡ್ಡಲ್ಲಿ ಆ 38 ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಊರಲ್ಲೇ ಇರೋ ಡಿಗ್ರಿ ಆದ ಹುಡುಗಿಯೊಬ್ಬಳಿಗೆ ತಿಂಗಳ ಸಂಬಳ ಕೊಡಬಹುದು. ಇದನ್ನ ಹೇಳಿದಾಗ “ಪ್ರೊಜೆಕ್ಟರ್ ಕೊಡೋಣ, ಫೋಟೋ ಚೆನ್ನಾಗಿ ಬರುತ್ತೆ” ಅಂತ ಉತ್ತರ ಬಂತು. ಎಂಟು ಮಾರ್ಕ್ಸನ್ನು ಪ್ರೊಜೆಕ್ಟರ್ ತರಲ್ಲ ಸ್ವಾಮಿ, ದಿನಾ ಎದುರಿಗೆ ಕೂತು ಓದಿಸೋ ಮನುಷ್ಯ ಬೇಕು. ಇನ್ನೊಂದು, ಜೊತೇಲಿ ಓದಿದವರ ಬಗ್ಗೆ ‘ಓದಲಿಲ್ಲ’ ಅಂತ ಬಾಯಿಗೆ ಬಂದಾಗ ಒಂದು ಕ್ಷಣ ತಡೆದು, ಅವರ ಮನೇಲಿ ಆ ವರ್ಷ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ನಿಮಗೆ ಗೊತ್ತಿರುತ್ತೆ. ಹತ್ತು ವರ್ಷ ಜೊತೆಗಿದ್ದವರಲ್ವಾ.

29ನೇ ನಂಬರಿನವಳಿಗೆ ಆಮೇಲೆ ಫೋನ್ ಮಾಡಿದೆ. ಮೊದಲು “ಯಾರ್ರೀ?” ಅಂದಳು, ಗುರುತು ಸಿಕ್ಕ ಮೇಲೆ ನಕ್ಕಳು. ಮಗಳು ಈಗ ಒಂಬತ್ತನೇ ಕ್ಲಾಸಂತೆ. “ಪಿಯುಸಿಗೆ ಸೈನ್ಸ್ ಅಂತಾಳೆ, ಹಾಸ್ಟೆಲ್ ಸಿಗುತ್ತೇನೋ, ಎಷ್ಟಾಗಬಹುದೋ?” ಅಂತ ಕೇಳಿದಳು. ವಿಚಾರಿಸಿ ಹೇಳ್ತೀನಿ ಅಂದೆ. ಎಷ್ಟಾಗುತ್ತೆ ಅಂತ ಗೊತ್ತಾಗಿದೆ. ಮನೆ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ‘ದಾನ’ ಅಂತ ಒಂದು ಪುಟ ಇದೆ, ಅಲ್ಲಿ ಬರೆಯೋಕೆ ಕೈ ಬರಲಿಲ್ಲ. ‘ಸಾಲ’ದ ಪುಟದಲ್ಲಿ, ಕಾರಿನ ಕಂತಿನ ಕೆಳಗೆ ಬರೆದಿದ್ದೀನಿ.