ಕೋಟೆಯೋ, ಒಡನಾಟವೋ?

ಫ್ಲಾರೆನ್ಸ್ ಗಣರಾಜ್ಯವು 1406ರಲ್ಲಿ ಪೀಸಾ ನಗರವನ್ನು ಗೆದ್ದು, ಅದನ್ನು ಹಿಡಿದಿಡಲು ಕೋಟೆಯನ್ನು ಕಟ್ಟಿತು. 1494ರಲ್ಲಿ ಫ್ರೆಂಚ್ ದೊರೆಯು ದಂಡೆತ್ತಿ ಬಂದಾಗ ಕೋಟೆಯೂ ಹೋಯಿತು, ಊರೂ ಹೋಯಿತು. ಅಂಥ ಊರನ್ನು ರೋಮನರಂತೆ ಒಡನಾಡಿಯನ್ನಾಗಿ ಮಾಡಿಕೊಳ್ಳಬೇಕು, ಇಲ್ಲವೆ ಹಾಳುಗೆಡವಬೇಕು. ಕೋಟೆಯು ನಿರರ್ಥಕವೆಂದು ಫ್ಲಾರೆನ್ಸಿನವನೇ ಆದ ಮ್ಯಾಕಿಯವೆಲ್ಲಿಯು 1531ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿರುವನು. ಅವನ ಎರಡನೆಯ ಉಪಾಯವು ನಮಗೆ ಬೇಡ.

ಬೆಳಗಾವಿಯೂ ಖಾನಾಪುರವೂ 1956ರಲ್ಲಿ ಕನ್ನಡ ನಾಡನ್ನು ಸೇರಿದವು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ಎದ್ದು ನಿಂತಿತು; ನಮಗೂ ಹೆಮ್ಮೆಯೇ. ಆದರೆ ಅಧಿವೇಶನವು ಮುಗಿದೊಡನೆ ಮಂತ್ರಿಗಳು ಬೆಂಗಳೂರಿನ ಹಾದಿ ಹಿಡಿಯುವರು. ಇಲಾಖೆಗಳ ಕಾರ್ಯದರ್ಶಿಗಳು ವರ್ಷವಿಡೀ ಇಲ್ಲಿ ಕುಳಿತು, ಖಾನಾಪುರದ ಕಾಡಂಚಿನ ಮರಾಠಿ ಮಾತಿನ ರೈತನ ಅರ್ಜಿಗೂ ಉತ್ತರ ಕೊಡಲೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ. ಮೊದಲಿಗೆ ಅರಣ್ಯ, ಕಂದಾಯ ಇವೆರಡೇ ಬಂದರೂ ಆದೀತು.